ಸೋಮವಾರದಿಂದ ಶನಿವಾರದವರೆಗೆ ದೇವರನ್ನು ಪ್ರೀತಿಸುವುದು ಹೇಗೆ?

ಪ್ರಶ್ನೆ: ಮಂಡ್ಯದವನು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಸತ್ಯವೇದದ (ಬೈಬಲ್) ಮಾರ್ಕ 12:30 ಸಂಡೇ ಸ್ಕೂಲ್ ಕಾಲದಿಂದ ಬಾಯಿಪಾಠ: ಪೂರ್ಣ ಹೃದಯ, ಪೂರ್ಣ ಪ್ರಾಣ, ಪೂರ್ಣ ಬುದ್ಧಿ, ಪೂರ್ಣ ಶಕ್ತಿಯಿಂದ ದೇವರನ್ನು ಪ್ರೀತಿಸಬೇಕು. ಭಾನುವಾರ ಆರಾಧನೆ, ಕಾಣಿಕೆ ಎಲ್ಲ ನಡೆಯುತ್ತೆ. ಉಳಿದ ಆರು ದಿನ ಕಾರ್ಖಾನೆ ಶಿಫ್ಟು, ಎರಡು ಮಕ್ಕಳು, ಬಸ್ಸಿನ ಓಡಾಟ. "ಹೆಚ್ಚು ಪ್ರಾರ್ಥನೆ ಮಾಡಿ" ಅನ್ನೋ ಉತ್ತರ ದಯವಿಟ್ಟು ಬೇಡ. ಏನು ಮಾಡಬೇಕು, ಎಷ್ಟು ಹೊತ್ತು, ಎಲ್ಲಿ ಕೈಕೊಡುತ್ತೆ, ಅದನ್ನು ಹೇಳಿ.

ಉತ್ತರ 1: ಸಂಡೇ ಸ್ಕೂಲ್ ಟೀಚರ್, ಮೈಸೂರು

ಬ್ರದರ್, ಓದಿನಿಂದ ಶುರು ಮಾಡೋಣ, ಯಾಕಂದರೆ ಹೆಚ್ಚು ಜನ ಸೋಲೋದು ಅಲ್ಲೇ. ಹೊಸ ವರ್ಷದ ಆರಾಧನೆ ಮುಗಿಸಿ ಬಂದು ಆದಿಕಾಂಡ ತೆರೆಯುತ್ತಾರೆ. ಸತ್ಯವೇದದಲ್ಲಿ 1,189 ಅಧ್ಯಾಯ; ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರು-ನಾಲ್ಕು. ಆದಿಕಾಂಡ 50, ವಿಮೋಚನಕಾಂಡ 40. ಅಂದರೆ ಜನವರಿ ಕೊನೆಗೆ ಯಾಜಕಕಾಂಡ, ಯಜ್ಞದ ಕೊಬ್ಬು, ಚರ್ಮರೋಗದ ಪರೀಕ್ಷೆ. ಅಲ್ಲಿ ಮೂರು ದಿನ ತಪ್ಪಿದರೆ ಹತ್ತು ಅಧ್ಯಾಯ ಬಾಕಿ. ಬಾಕಿ ತೀರಿಸೋಕೆ ಹೋಗಿ ಪುಸ್ತಕವೇ ಬೀರು ಸೇರುತ್ತೆ.

ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆ ಹಿಡಿಯಿರಿ. 260 ಅಧ್ಯಾಯ. ದಿನಕ್ಕೊಂದರಂತೆ ವಾರಕ್ಕೆ ಐದು ದಿನ ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತೆ, ತಪ್ಪಿದ್ದನ್ನು ಓದಿಕೊಳ್ಳೋಕೆ ವಾರದಲ್ಲಿ ಎರಡು ದಿನವೂ ಉಳಿಯುತ್ತೆ. ಅದಕ್ಕೂ ಮೀರಿ ಬಾಕಿ ಬಿದ್ದರೆ ಬಿಟ್ಟುಬಿಡಿ, ಇವತ್ತಿನದನ್ನು ಓದಿ. ಮಾರ್ಕನಿಂದ ಆರಂಭಿಸಿ, 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು. ಗಟ್ಟಿಯಾಗಿ ಓದಿ, ಒಂದು ವಚನ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ, ಅದಕ್ಕೆ ಅಂದೇ ಮಾಡಬಹುದಾದ ಒಂದು ಕೆಲಸ ಕಟ್ಟಿ. ಮಾರ್ಕ 10:51ರಲ್ಲಿ ಯೇಸುಸ್ವಾಮಿ ಕುರುಡ ಬಾರ್ತಿಮಾಯನನ್ನು ನಿನಗೇನು ಮಾಡಲಿ ಅಂತ ಕೇಳ್ತಾರೆ. ಆ ದಿನ ಮನೆಯಲ್ಲಿ ಒಬ್ಬರಿಗೆ ಅದೇ ಪ್ರಶ್ನೆ ಕೇಳಿ, ಅವರು ಹೇಳಿ ಮುಗಿಸುವವರೆಗೆ ಮಧ್ಯೆ ಬಾಯಿ ಹಾಕಬೇಡಿ. ಇಷ್ಟಕ್ಕೆ ಹದಿನೈದು ನಿಮಿಷ ಸಾಕು.

ಮಕ್ಕಳ ಜೊತೆ ಕುಟುಂಬ ಪ್ರಾರ್ಥನೆ ಹತ್ತು ನಿಮಿಷ ಮೀರದಿರಲಿ: ಒಂದು ಚರಣ ಹಾಡು, ಐದಾರು ವಚನ, ಒಬ್ಬೊಬ್ಬರದೂ ಒಂದೊಂದು ಸಾಲಿನ ಪ್ರಾರ್ಥನೆ. "ಕರ್ತನೇ, ಇವನಿಗೆ ಮೊಬೈಲ್ ಹುಚ್ಚು ಬಿಡಿಸು" ಅಂತ ಪ್ರಾರ್ಥನೆಯಲ್ಲೇ ಮಗನನ್ನು ಬೈದರೆ ಮಾರನೇ ದಿನ ಅವನು ಅಲ್ಲಿ ಕೂರೋದಿಲ್ಲ.

ಉತ್ತರ 2: ಆಲೆಮನೆ ಪಕ್ಕ

ಟೀಚರ್ ಹೆದರಿಸಿದ ಯಾಜಕಕಾಂಡದಲ್ಲೇ 19ನೇ ಅಧ್ಯಾಯ ಇದೆ. "ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು" ಅನ್ನೋದು ಬಂದಿರೋದೂ ಅಲ್ಲಿಂದಲೇ. ಅದರ ಅಕ್ಕಪಕ್ಕ ಏನಿದೆ ನೋಡಿ: ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು (13), ತಕ್ಕಡಿ, ಕಲ್ಲು, ಸೇರು ಸರಿ ಇರಬೇಕು (35-36), ಹೊಲದ ಅಂಚಿನ ಪೈರು ಬಡವರಿಗೆ ಬಿಡಬೇಕು (9). ನಮ್ಮ ಮಂಡ್ಯಕ್ಕೆ ಇದಕ್ಕಿಂತ ಪ್ರಾಕ್ಟಿಕಲ್ ಬೇಕಾ?

ಕಬ್ಬು ಕಡಿಯುವವರ ಲೆಕ್ಕವನ್ನು "ಫ್ಯಾಕ್ಟರಿ ದುಡ್ಡು ಬಂದ ಮೇಲೆ" ಅಂತ ಮುಂದೂಡೋದು ಊರ ವಾಡಿಕೆ. ಫ್ಯಾಕ್ಟರಿ ಬಾಕಿ ನಮ್ಮ ತಲೆನೋವು, ಅವರದಲ್ಲ. ಕಟಾವಿಗೆ ಮೊದಲೇ ಕೂಲಿ ದುಡ್ಡು ಬೇರೆ ಎತ್ತಿಡಿ, ಎತ್ತಿಡೋಕೆ ಆಗದಿದ್ದರೆ ಯಾವ ದಿನ ಎಷ್ಟು ಅಂತ ಅವರೆದುರೇ ಬರೆದು ಕೊಡಿ. ಮೇಸ್ತ್ರಿ ಕೈಗೆ ಕೊಟ್ಟು ಕೈತೊಳೆದುಕೊಂಡರೆ ಕೆಳಗಿನವನಿಗೆ ಎಷ್ಟು ತಲುಪಿತೋ ಗೊತ್ತಾಗಲ್ಲ, ಒಂದು ಸಲ ಅವರನ್ನೇ ಕೇಳಿ. ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಸುರಿಯೋದು, ಸಕ್ಕರೆ ಬೆರೆಸಿ ತೂಕ ಏರಿಸೋದು, ಇವೆಲ್ಲ ಮಾಡಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂತು ಉಪಯೋಗವಿಲ್ಲ. ತಡೆಹಿಡಿದ ಕೂಲಿ ಕೂಗುತ್ತೆ ಅಂತ ಯಾಕೋಬ 5:4 ಹೇಳುತ್ತೆ.

ಮನೆಕೆಲಸದವರಿಗೂ ಇದೇ ಲೆಕ್ಕ. ತಿಂಗಳ ಮೊದಲ ದಿನವೇ ಸಂಬಳ; ಕೇಳಿಸಿಕೊಂಡು ಕೊಡಬೇಡಿ.

ಉತ್ತರ 3: ಕೃಪೆಯೇ ಸಾಕು

ಇದೆಲ್ಲ ಕ್ರಿಯೆಗಳ ಪಟ್ಟಿ ಆಯಿತಲ್ಲ? ಎಫೆಸ 2:8-9 ಮರೆತಿರಾ? ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ.

ಉತ್ತರ 4: ಆಲೆಮನೆ ಪಕ್ಕ

10ನೇ ವಚನವನ್ನೂ ಓದಿ ಅಣ್ಣ. ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದು ಅಂತ ಇದೆ. ಅವರು ರಕ್ಷಣೆ ಹೇಗೆ ಅಂತ ಕೇಳಿಲ್ಲ, ಪ್ರೀತಿ ಹೇಗೆ ಅಂತ ಕೇಳಿದ್ದಾರೆ. ಯೋಹಾನ 14:15 ಪ್ರೀತಿಯನ್ನು ಆಜ್ಞೆ ಕೈಕೊಳ್ಳೋದಕ್ಕೇ ಕಟ್ಟಿಹಾಕಿದೆ.

ಉತ್ತರ 5: ಅಶೋಕ ರಸ್ತೆ, ಮೈಸೂರು

ಯೇಸುವಿಗೆ ಸ್ತೋತ್ರ. ನಮ್ಮ ಕಥೋಲಿಕ ಕಡೆಯಿಂದ ಒಂದು. ಯೇಸುಸಭೆ (ಜೆಸ್ವಿಟ್ ಗುರುಗಳ ಸಂಘ) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರಿಶೀಲನೆಗೆ ರಾತ್ರಿ ಹತ್ತು ನಿಮಿಷ ಸಾಕು. ಮೊದಲು ದಿನದ ಉಪಕಾರಗಳಿಗೆ ಕೃತಜ್ಞತೆ. ಆಮೇಲೆ ಸರಿಯಾಗಿ ಕಾಣುವ ಬೆಳಕಿಗಾಗಿ ಬೇಡಿಕೆ. ಬೆಳಿಗ್ಗೆ ಎದ್ದಾಗಿನಿಂದ ಗಂಟೆ ಗಂಟೆಯಾಗಿ ದಿನವನ್ನು ನೋಡುತ್ತಾ ಬನ್ನಿ: ಏಳಕ್ಕೆ ಯಾರ ಮೇಲೆ ರೇಗಿದೆ, ಹನ್ನೊಂದಕ್ಕೆ ಯಾವ ಸುಳ್ಳು ಹೇಳಿದೆ, ನಾಲ್ಕಕ್ಕೆ ಯಾರು ನನಗೆ ಒಳ್ಳೆಯದು ಮಾಡಿದರು. ತಪ್ಪಿಗೆ ಕ್ಷಮೆ ಬೇಡಿ, ನಾಳೆಗೆ ಒಂದೇ ಒಂದು ತಿದ್ದುಪಡಿ ಇಟ್ಟುಕೊಳ್ಳಿ. ಕೃತಜ್ಞತೆ ಹಾರಿಸಿದರೆ ಇದು ಪೊಲೀಸ್ ಠಾಣೆಯ ಡೈರಿ ಆಗಿಬಿಡುತ್ತೆ. ಹಾಸಿಗೆಯಲ್ಲಿ ಮಾಡಬೇಡಿ, ಎರಡನೇ ಹೆಜ್ಜೆಗೇ ನಿದ್ದೆ. ಕುರ್ಚಿಯಲ್ಲಿ ಕೂತು ಮಾಡಿ.

ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ಶನಿವಾರವೇ ಫೋನ್ ಮಾಡಿ. ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಅಂತ ಮತ್ತಾಯ 5:23-24. ಮಾಡಿದ ತಪ್ಪನ್ನು ನೇರವಾಗಿ ಹೇಳಿ. "ಏನಾದರೂ ತಪ್ಪಾಗಿದ್ದರೆ" ಅನ್ನೋದು ಕ್ಷಮೆಯಲ್ಲ. ಆಸ್ತಿ ಜಗಳವಿದ್ದರೆ ಮೊದಲ ಮಾತಿನಲ್ಲಿ ಪತ್ರದ ವಿಚಾರ ಎತ್ತಬೇಡಿ.

ಶುಕ್ರವಾರದ ಉಪವಾಸ ಮಾಡುವವರು ಉಳಿದ ಊಟದ ದುಡ್ಡನ್ನು ಹಸಿದವರಿಗೆ ಮುಟ್ಟಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಡಾಕ್ಟರನ್ನು ಕೇಳದೆ ಬೇಡ. ಊಟದ ಬದಲು ಟಿವಿ ಬಿಡಿ.

ಉತ್ತರ 6: ವಾರ್ಡ್ ಸಿಸ್ಟರ್

ರೋಗಿಗಳ ಭೇಟಿ (ಮತ್ತಾಯ 25:36) ಬಗ್ಗೆ ಯಾರೂ ಹೇಳಲಿಲ್ಲ. ಕೆ.ಆರ್. ಆಸ್ಪತ್ರೆ ಇರಲಿ, ಮಂಡ್ಯದ ಮಿಮ್ಸ್ ಇರಲಿ, ಭೇಟಿ ಸಮಯದಲ್ಲೇ ಹೋಗಿ, ಇಬ್ಬರಿಗಿಂತ ಹೆಚ್ಚು ಬೇಡ, ಹತ್ತು ನಿಮಿಷ ಸಾಕು. ಮಂಚದ ಮೇಲೆ ಕೂರಬೇಡಿ. ಪ್ರಾರ್ಥನೆ ಮಾಡಲೇ ಅಂತ ರೋಗಿಯನ್ನು ಕೇಳಿ, ಒಪ್ಪಿದರೆ ಮೆಲ್ಲಗೆ ಒಂದು ನಿಮಿಷ. ಪಕ್ಕದ ಮಂಚದವರಿಗೂ ಕೇಳುವಂತೆ ಗಟ್ಟಿ ಪ್ರಾರ್ಥನೆ ಮಾಡೋದು ಅವರ ನಿದ್ದೆಗೆ ತೊಂದರೆ. ಮದ್ದೂರು ದಾಟುವಾಗ ಎಳನೀರು ಹಿಡ್ಕೊಂಡು ಬರ್ತೀರಿ, ಕಿಡ್ನಿ ರೋಗಿಗೆ ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೃದಯದ ಬಡಿತಕ್ಕೇ ಅಪಾಯ. ನಿಜವಾದ ಸಹಾಯ ಬೇಕಿರೋದು ರೋಗಿಯ ಜೊತೆ ಇರುವವರಿಗೆ. "ನೀವು ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ, ಮೂರು ಗಂಟೆ ನಾನಿರ್ತೀನಿ" ಅನ್ನಿ.

ಮಂಡ್ಯದವನು

ತುಂಬಾ ಉಪಕಾರ. ರಾತ್ರಿ ಪಾಳಿ ವಾರ ಇದೆಲ್ಲ ತಲೆಕೆಳಗಾಗುತ್ತಲ್ಲ, ಅದಕ್ಕೇನು?

ಉತ್ತರ 7: ಸಂಡೇ ಸ್ಕೂಲ್ ಟೀಚರ್, ಮೈಸೂರು

ಗಡಿಯಾರಕ್ಕೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ಹತ್ತರ ಪಾಳಿಯಾದರೆ ರಾತ್ರಿ ಊಟ ಆದ ತಕ್ಷಣ, ಬೂಟು ಹಾಕಿಕೊಳ್ಳುವ ಮೊದಲು ಒಂದು ಅಧ್ಯಾಯ. ಬೆಳಿಗ್ಗೆ ಬಂದ ಮೇಲೆ ಓದೋಕೆ ಕೂರಬೇಡಿ, ಮಲಗಿ. ಆ ವಾರ ಕುಟುಂಬ ಪ್ರಾರ್ಥನೆ ಮಕ್ಕಳು ಸ್ಕೂಲಿಂದ ಬಂದು ತಿಂಡಿ ತಿನ್ನುವ ಹೊತ್ತಿಗೆ ಇಟ್ಟುಕೊಳ್ಳಿ. ರಾತ್ರಿಯ ಆತ್ಮಪರಿಶೀಲನೆಯನ್ನು ಮನೆಗೆ ಬರುವ ಬಸ್ಸಿನಲ್ಲಿ ಮಾಡಿ. ಕಿಟಕಿ ಪಕ್ಕದ ಸೀಟು ಬೇಡ, ಒರಗಿದರೆ ಸ್ಟಾಪ್ ದಾಟಿಹೋಗುತ್ತೆ.