‘ಅಮೆಲಿ’ಯ ಹಸಿರು–ಕೆಂಪು ಕಿರುಚಿತ್ರಕ್ಕೆ ತರುವುದು ಹೇಗೆ? ಮುಖವೇ ಹಸಿರಾಗುತ್ತಿದೆ

ನೀಲಿದೀಪ:
2001ರ ಫ್ರೆಂಚ್ ಸಿನಿಮಾ ‘ಅಮೆಲಿ’ಯ ಬಣ್ಣಕ್ಕೆ ಮನಸೋತಿದ್ದೇನೆ. ಆ ಮಾಗಿದ ಹಸಿರು, ಕೆಂಪು, ಜೇನಿನಂಥ ಹಳದಿ ಏಳು ನಿಮಿಷದ ಕಿರುಚಿತ್ರದಲ್ಲಿ ಬೇಕು. ಒಂದೇ ಕೋಣೆ, ಒಬ್ಬಳೇ ಪಾತ್ರಧಾರಿ, ಬಿಳಿ ಗೋಡೆ, ಫೋನ್ ಕ್ಯಾಮೆರಾ. ಅಂತರ್ಜಾಲದಲ್ಲಿ ಸಿಗುವ ‘ಅಮೆಲಿ ಲುಕ್’ ಲಟ್ (LUT, ಬಣ್ಣಗಳನ್ನು ಒಂದೇ ಸಲ ಬದಲಿಸುವ ಸಿದ್ಧ ಕಡತ) ಹಾಕಿದರೆ ಮುಖ ಕಾಮಾಲೆ ಬಂದಂತೆ, ಗೋಡೆ ಪಾಚಿ ಕಟ್ಟಿದಂತೆ ಕಾಣುತ್ತದೆ. ಬಣ್ಣ ತಿದ್ದುವ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇದೆ. ತಪ್ಪೆಲ್ಲಿ?

ಗೋಡೆಬಣ್ಣ:
ತಪ್ಪು ಬಿಳಿ ಗೋಡೆಯದ್ದು. ಆ ಸಿನಿಮಾದಲ್ಲಿ ಬಣ್ಣ ಮೊದಲು ಬಂದದ್ದು ಕ್ಯಾಮೆರಾದ ಮುಂದೆ. ಅಮೆಲಿಯ ಮಲಗುವ ಕೋಣೆಯ ಗೋಡೆಯೇ ಕೆಂಪು, ಅವಳ ಉಡುಪು ಕೆಂಪು ಇಲ್ಲವೇ ಹಸಿರು. ನಿರ್ದೇಶಕ ಜಾನ್-ಪಿಯೆರ್ ಝನೆ ಬ್ರೆಜಿಲ್‌ನ ಕಲಾವಿದ ಜುವಾರೆಸ್ ಮಚಾಡೊ ಅವರ ವರ್ಣಚಿತ್ರಗಳನ್ನು ಮಾದರಿಯಾಗಿ ಇಟ್ಟುಕೊಂಡರು. ಕಲಾ ನಿರ್ದೇಶಕಿ ಅಲೀನ್ ಬೊನೆತ್ತೊ ಸೆಟ್ಟನ್ನು ಅದೇ ಬಣ್ಣಗಳಲ್ಲಿ ಕಟ್ಟಿದರು. ಗ್ರೇಡಿಂಗ್, ಅಂದರೆ ಚಿತ್ರೀಕರಣದ ನಂತರ ಬಣ್ಣ ತಿದ್ದುವುದು, ಆಮೇಲಿನ ಮಾತು. ಬಿಳಿ ಗೋಡೆಗೆ ತನ್ನದೇ ಬಣ್ಣವಿಲ್ಲ. ಲಟ್ ಹಸಿರು ಸುರಿದರೆ ಗೋಡೆಯೂ ಮುಖವೂ ಒಟ್ಟಿಗೇ ಅದನ್ನು ಕುಡಿಯುತ್ತವೆ.

ಇಡೀ ಕೋಣೆಗೆ ಬಣ್ಣ ಬಳಿಯಬೇಕಿಲ್ಲ. ಚೌಕಟ್ಟಿನಲ್ಲಿ ಕಾಣುವ ಗೋಡೆಗೆ ಮಾತ್ರ ಗಾಢ ಹಸಿರು ಬಟ್ಟೆ ಬಿಗಿದು ಕಟ್ಟಿದರೂ ಸಾಕು, ನೆರಿಗೆ ಕಾಣದಿರಲಿ. ಕೊಳ್ಳುವ ಮೊದಲು ಎರಡು ಅಡಿಯ ತುಂಡನ್ನು ಚಿತ್ರೀಕರಣದ ಬಲ್ಬಿನ ಕೆಳಗೇ ಹಿಡಿದು ನೋಡಿ. ಹಗಲಲ್ಲಿ ಚೆಂದ ಕಂಡ ಹಸಿರು ಹಳದಿ ಬಲ್ಬಿನಡಿ ಕೆಸರಾಗಬಹುದು. ಕೆಂಪು ಉಡುಪಿಗೂ ಇದೇ ಪರೀಕ್ಷೆ. ಜೊತೆಗೆ ಒಂದು ಫೋಟೊ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿ ಬಂದರೆ ಪಾತ್ರ ಗೋಡೆಗೆ ಅಂಟಿಕೊಂಡಂತೆ ಕಾಣುತ್ತದೆ, ಒಂದನ್ನು ಒಂದು ಮೆಟ್ಟಿಲು ಗಾಢ ಮಾಡಿ.

ಮರೆಯಬಾರದ್ದು ನೀಲಿ. ಕೆಂಪು, ಹಸಿರು, ಹಳದಿ ತುಂಬಿದ ಚೌಕಟ್ಟಿನ ಮೂಲೆಯಲ್ಲಿ ಒಂದು ಪುಟ್ಟ ನೀಲಿ ವಸ್ತು ಇದ್ದರೆ ಉಳಿದ ಬಣ್ಣಗಳು ಉಸಿರಾಡುತ್ತವೆ. ಒಂದೇ ಇರಲಿ. ಮೂರಾದರೆ ಆಟ ಕೆಟ್ಟಿತು.

ಮೂರನೇನೋಡ್:
ಮೇಲಿನದು ಸರಿ. ಆದರೆ ಗ್ರೇಡಿಂಗ್ ಪಾತ್ರ ಚಿಕ್ಕದಲ್ಲ. ಛಾಯಾಗ್ರಾಹಕ ಬ್ರೂನೊ ಡೆಲ್ಬೊನೆಲ್ ಫಿಲ್ಮ್‌ನಲ್ಲೇ ಚಿತ್ರೀಕರಿಸಿದರು. ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿ, ಮತ್ತೆ ಫಿಲ್ಮ್‌ಗೆ ಇಳಿಸಿದ ಆರಂಭದ ಸಿನಿಮಾಗಳಲ್ಲಿ ಇದೂ ಒಂದು.

ನಿಮ್ಮ ಕೆಲಸಕ್ಕೆ ಲಟ್ ತೆಗೆದುಹಾಕಿ ನಾಲ್ಕು ನೋಡ್ (ತಿದ್ದುಪಡಿಯ ಒಂದೊಂದು ಹಂತ) ಇಡಿ. ಮೊದಲನೆಯದರಲ್ಲಿ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವ ಹೊಂದಿಕೆ) ಮಾತ್ರ. ಎರಡನೆಯದರಲ್ಲಿ ಗೇನ್ (ಬೆಳಕಿನ ಭಾಗ) ಹಳದಿಯತ್ತ, ಗ್ಯಾಮಾ (ನಡುವಿನ ಭಾಗ) ಹಸಿರಿನತ್ತ, ಎರಡೂ ಕೂದಲೆಳೆಯಷ್ಟು. ಲಿಫ್ಟ್ (ಕಪ್ಪು ಭಾಗ) ಮುಟ್ಟಬೇಡಿ: ಕಪ್ಪು ಕಪ್ಪಾಗಿಯೇ ಉಳಿಯದಿದ್ದರೆ ಚಿತ್ರವೆಲ್ಲ ಮಬ್ಬಾಗುತ್ತದೆ, ಪಾಚಿಯ ಅನಿಸಿಕೆಗೆ ಅರ್ಧ ಕಾರಣ ಇದೇ. ಸ್ಯಾಚುರೇಶನ್ (ಬಣ್ಣದ ತೀವ್ರತೆ) ಮೂಲತಃ 50 ಇರುತ್ತದೆ, 58 ದಾಟಿಸಬೇಡಿ. ಬಣ್ಣ ಇನ್ನೂ ಗಾಢ ಬೇಕೆನಿಸಿದರೆ ಬೆಳಕನ್ನು ಸ್ವಲ್ಪ ಇಳಿಸಿ, ಸ್ಯಾಚುರೇಶನ್ ಏರಿಸಬೇಡಿ.

ಮೂರನೆಯದು ಮುಖಕ್ಕೆ. ಅದರ ಇನ್‌ಪುಟ್ ಅನ್ನು ಮೊದಲ ನೋಡ್‌ನಿಂದ ಎಳೆದು, ಎರಡನೆಯದರ ಜೊತೆ, ಎರಡನ್ನೂ ಒಂದರ ಮೇಲೊಂದು ಕೂಡಿಸುವ ಲೇಯರ್ ಮಿಕ್ಸರ್‌ಗೆ ಸೇರಿಸಿ. ಬಣ್ಣ ನೋಡಿ ಭಾಗ ಆರಿಸುವ ಕ್ವಾಲಿಫೈಯರ್‌ನಿಂದ ಚರ್ಮ ಆರಿಸಿ, ಅಂಚು ಮೆದುಗೊಳಿಸಿ, ಬಣ್ಣಗಳ ದಿಕ್ಕು ತೋರಿಸುವ ನಕ್ಷೆಯಾದ ವೆಕ್ಟರ್‌ಸ್ಕೋಪ್‌ನಲ್ಲಿ ಸ್ಕಿನ್ ಟೋನ್ ಗೆರೆಯ ಹತ್ತಿರ ತನ್ನಿ. ಪೂರ್ತಿ ಗೆರೆಯ ಮೇಲೆ ಕೂರಿಸಿದರೆ ಮುಖವನ್ನು ಕತ್ತರಿಸಿ ಅಂಟಿಸಿದಂತಾಗುತ್ತದೆ. ಕೋಣೆಯ ಹಳದಿ ಸ್ವಲ್ಪ ಮುಖದಲ್ಲೂ ಇರಲಿ. ನಾಲ್ಕನೆಯದರಲ್ಲಿ ಆ ನೀಲಿ ವಸ್ತುವಿನ ಸುತ್ತ ವಿಂಡೊ (ಆಯ್ದ ಭಾಗದ ಆವರಣ) ಹಾಕಿ ಅದರ ನೀಲಿಯನ್ನಷ್ಟೇ ಎತ್ತಿ.

ಫೋನಿನಲ್ಲಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. 2700 ಕೆಲ್ವಿನ್ (ಹಳದಿ ಬೆಳಕಿನ) ಬಲ್ಬ್ ಇದ್ದರೆ ಕ್ಯಾಮೆರಾ 3500ರ ಸುಮಾರಿಗಿರಲಿ, ಬೆಚ್ಚಗೆ ಬರುತ್ತದೆ. ಆಟೊ ಬಿಟ್ಟರೆ ನೀವು ಕಷ್ಟಪಟ್ಟು ತಂದ ಹಳದಿಯನ್ನು ಫೋನೇ ತೊಳೆದುಹಾಕುತ್ತದೆ. 10-ಬಿಟ್ (ಬಣ್ಣದ ಮೆಟ್ಟಿಲುಗಳು ಹೆಚ್ಚಿರುವ) ಸೌಲಭ್ಯವಿದ್ದರೆ ಅದರಲ್ಲೇ ತೆಗೆಯಿರಿ. 8-ಬಿಟ್‌ನಲ್ಲಿ ಹಸಿರು ತಳ್ಳಿದರೆ ಗೋಡೆಯಲ್ಲಿ ಪಟ್ಟೆ ಪಟ್ಟೆ ಏಳುತ್ತದೆ.

ನೀಲಿದೀಪ:
ಲೆನ್ಸ್? ಹಿನ್ನೆಲೆ ಮಸುಕಾಗಲು ಪೋರ್ಟ್ರೇಟ್ ಮೋಡ್ ಬಳಸಬಹುದೇ?

ಹತ್ತಿರದನೋಟ:
ಬೇಡವೇ ಬೇಡ. ಝನೆಯವರದು ವೈಡ್ ಲೆನ್ಸ್‌ನ ಲೋಕ. ಕ್ಯಾಮೆರಾ ಮುಖದ ಹತ್ತಿರ ಬರುತ್ತದೆ, ಆದರೂ ಹಿಂದಿನ ಗೋಡೆ, ದೀಪ, ಚಿತ್ರಪಟ ಎಲ್ಲ ಓದಲು ಸಿಗುತ್ತವೆ. ಆ ತುಂಟತನ ಅರ್ಧ ಹುಟ್ಟುವುದು ಅಲ್ಲೇ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಫುಲ್ ಫ್ರೇಮ್‌ನ 24–26 ಮಿ.ಮೀ. ವೈಡ್ ಲೆನ್ಸ್‌ಗೆ ಸಮ, ನಿಮಗೆ ಅದೇ ಬೇಕು. ಎರಡು ಅಡಿ ದೂರದಿಂದ, ಕಣ್ಣಿನ ಎತ್ತರದಲ್ಲಿ, ಮುಖ ಚೌಕಟ್ಟಿನ ನಡುವೆ ಇಡಿ. ಅಂಚಿಗೆ ಸರಿದರೆ ಕೆನ್ನೆ ಹಿಗ್ಗುತ್ತದೆ. ಅಲ್ಟ್ರಾವೈಡ್‌ಗೆ ಹೋದರೆ ಮೂಗು ಮುಂದೆ ಬರುತ್ತದೆ.

ಹೋಲಿಕೆಗೆ ಚೂರು ವಿಡಿಯೊಗಳಿಂದ ಸ್ಟಿಲ್ ತೆಗೆಯಬೇಡಿ, ಅಪ್‌ಲೋಡ್ ಮಾಡಿದವರು ಎಷ್ಟೋ ಸಲ ಬಣ್ಣ ಏರಿಸಿರುತ್ತಾರೆ. ಬ್ಲೂ-ರೇ ಒಳ್ಳೆಯದು, ಪರದೆಯ ‘ವಿವಿಡ್’ ಮೋಡ್ ಆಫ್ ಮಾಡಿ ನೋಡಿ.