ಅಪ್‌ಡೇಟ್: ಮಗಳಿಗೆ ಸಂಗೀತ ಶಾಸ್ತ್ರ ಹೇಳಿಕೊಡುವವರು ಸಿಕ್ಕರು

ತುಮಕೂರಿನಲ್ಲಿ ಕರ್ನಾಟಕ ಸಂಗೀತದ ಶಾಸ್ತ್ರ ಭಾಗ ಮಾತ್ರ ಹೇಳಿಕೊಡುವವರು ಇದ್ದಾರಾ ಅಂತ ಹೋದ ತಿಂಗಳು ಕೇಳಿದ್ದೆ. ಮಗಳು ಹತ್ತನೇ ಕ್ಲಾಸು, ಸಂಗೀತದ ಸೀನಿಯರ್ ಪರೀಕ್ಷೆಗೆ ಓದುತ್ತಿದ್ದಾಳೆ. ಚೆನ್ನಾಗಿ ಹಾಡುತ್ತಾಳೆ. ಬರೆಯುವ ಪೇಪರ್ ಅಂದರೆ ಮಾತ್ರ ಕಣ್ಣಲ್ಲಿ ನೀರು.

ಮೊದಲು ಆನ್‌ಲೈನ್ ಕ್ಲಾಸ್ ನೋಡಿದೆವು. ಧ್ವನಿ ತಡವಾಗಿ ಬರುತ್ತಿತ್ತು, ತಾಳ ಕೂಡುತ್ತಲೇ ಇರಲಿಲ್ಲ. ಎರಡೇ ವಾರಕ್ಕೆ ಬಿಟ್ಟೆವು. ಆಮೇಲೆ ಒಂದು ಕಚೇರಿ ಮುಗಿದ ಮೇಲೆ ಪಕ್ಕವಾದ್ಯದವರನ್ನೇ ವಿಚಾರಿಸಿದೆ. ಅವರಿಂದ ಎಸ್.ಎಸ್.ಪುರಂನ ವೀಣೆ ಮೇಡಂ ಸಿಕ್ಕರು.

ಮೊದಲ ದಿನ ಮೇಡಂ ಪುಸ್ತಕ ತೆರೆಯಲೇ ಇಲ್ಲ. ವೀಣೆಯ ಒಂದು ಮೆಟ್ಟಿಲ ಮೇಲೆ ಬೆರಳಿಟ್ಟು ಮೀಟಿದರು. "ಇದು ಚತುಶ್ರುತಿ ರಿಷಭ. ಶುದ್ಧ ಗಾಂಧಾರವೂ ಇದೇ. ಸ್ವರದ ಸ್ಥಾನ 12, ಹೆಸರು 16. ಗೊತ್ತಾಯ್ತಾ ಪುಟ್ಟಿ?" ಮಗಳು ತಾನೇ ಇನ್ನೊಮ್ಮೆ ಮೀಟಿ ನೋಡಿದಳು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದು ಆಗ ಕಿವಿಗೆ ಬಿತ್ತು, ನನಗೂ ಅಷ್ಟೆ!

ಈಗ 72 ಮೇಳಕರ್ತ, ಅಂದರೆ ಮೂಲ ರಾಗಗಳ ಪಾಠ ನಡೀತಿದೆ. ಹೆಸರಿನ ಮೊದಲೆರಡು ಅಕ್ಷರದಿಂದ ರಾಗದ ಸಂಖ್ಯೆ ಕಂಡುಹಿಡಿಯುವ ಕಟಪಯಾದಿ ಲೆಕ್ಕ ಅವಳಿಗೆ ಆಟದ ಹಾಗೆ. ಮಾ ಅಂದರೆ 5, ಯಾ ಅಂದರೆ 1, ತಿರುಗಿಸಿದರೆ 15, ಅಲ್ಲಿಗೆ ಮಾಯಾಮಾಳವಗೌಳ 15ನೇ ಮೇಳಕರ್ತ. ಊಟಕ್ಕೆ ಕೂತಾಗಲೂ ಅಜ್ಜಿಗೆ ಅದನ್ನೇ ಕೇಳುತ್ತಾಳೆ.

ವಾರಕ್ಕೆ ಎರಡು ಸಂಜೆ ಕ್ಲಾಸು. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪರೀಕ್ಷೆ ಆದ ಮೇಲೆ ಮತ್ತೆ ಬರೆಯುತ್ತೇನೆ.