‘ಪ್ಯಾರಿಷ್’ಗೆ ‘ಮಾಗಣೆ’ ಎನ್ನಬಹುದೇ? ‘ನೆಫ್ಯೂ’ಗೆ ಏನೆನ್ನೋಣ?

ಮಾನ್ಯರೇ,

ನನ್ನ ಸೊಸೆ ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆಯವಳು. ಅವಳ ತಾಯಿಯ ಮನೆತನದ ನಾಲ್ಕೈದು ತಲೆಮಾರುಗಳ ವಿವರವನ್ನು ಅಲ್ಲಿಯ ಜನಗಣತಿ ಪುಸ್ತಕಗಳಿಂದಲೂ ಚರ್ಚಿನ ದಫ್ತರಗಳಿಂದಲೂ ತೆಗೆದು, ಊರಿನಲ್ಲಿರುವ ನಮ್ಮ ನೆಂಟರಿಷ್ಟರೂ ಓದುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಾಖಲೆಗಳನ್ನು ಹುಡುಕುವುದು ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಬರೆಯಲು ಕುಳಿತ ಮೇಲೆ ಕೆಲವು ಪದಗಳು ಕೈಕಟ್ಟಿ ಹಾಕಿವೆ. ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಮೊದಲನೆಯದು ‘ಪ್ಯಾರಿಷ್’, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. 1855ರ ಜನವರಿ 1ರಂದು ಸ್ಕಾಟ್ಲೆಂಡಿನಲ್ಲಿ ಸರಕಾರಿ ನೋಂದಣಿ ಆರಂಭವಾಗುವವರೆಗೆ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುತ್ತಿದ್ದದ್ದು ಚರ್ಚ್ ಆಫ್ ಸ್ಕಾಟ್ಲೆಂಡಿನ ಪ್ಯಾರಿಷ್‌ಗಳು. ಸುಮಾರು 900 ಪ್ಯಾರಿಷ್‌ಗಳ ಪುಸ್ತಕಗಳು ಉಳಿದಿವೆ. ಎಲ್ಲಕ್ಕಿಂತ ಹಳೆಯದು ಪರ್ತ್‌ಶೈರ್‌ನದೇ ಆದ ಎರಲ್ ಎಂಬಲ್ಲಿಯದು, 1553ರಿಂದ ಆರಂಭವಾಗುವಂಥದು. ನಮ್ಮಲ್ಲಿ ಕ್ಯಾಥೊಲಿಕರು ಪ್ಯಾರಿಷ್‌ಗೆ ‘ಧರ್ಮಕೇಂದ್ರ’ ಎನ್ನುತ್ತಾರೆ, ಪ್ರೊಟೆಸ್ಟೆಂಟರಲ್ಲಿ ‘ಸಭೆ’ ಎಂಬ ಮಾತು ರೂಢಿಯಲ್ಲಿದೆ. ಎರಡೂ ನನ್ನ ಕೆಲಸಕ್ಕೆ ಸಾಲುವುದಿಲ್ಲ. ಸಭೆ ಎಂದರೆ ಜನ, ಪ್ಯಾರಿಷ್ ಎಂದರೆ ನೆಲ. 1843ರಲ್ಲಿ ಚರ್ಚು ಒಡೆದು ಬಹಳ ಮಂದಿ ಫ್ರೀ ಚರ್ಚಿಗೆ ಹೋದಾಗ ಅವರು ಬಿಟ್ಟದ್ದು ಸಭೆಯನ್ನು. ಅವರ ಮನೆ ಮಾತ್ರ 1851ರ ಜನಗಣತಿಯಲ್ಲಿ ಅದೇ ಪ್ಯಾರಿಷ್ಷಿನ ಲೆಕ್ಕದಲ್ಲೇ ಬಂತು. ಬಡವರಿಗೆ ನೆರವು ಕೊಡುವುದೂ ಮಕ್ಕಳಿಗೆ ಶಾಲೆ ನಡೆಸುವುದೂ ಬಹುಕಾಲ ಪ್ಯಾರಿಷ್ಷಿನ ಹೊಣೆಯೇ ಆಗಿದ್ದು, 1930ರವರೆಗೂ ಅದು ಸ್ಥಳೀಯ ಆಡಳಿತದ ಘಟಕವಾಗಿ ಉಳಿದಿತ್ತು. ಇಂಥದಕ್ಕೆ ಧರ್ಮಕೇಂದ್ರ ಎಂದರೆ ಅರ್ಧ ಅರ್ಥ ಮಾತ್ರ ಬರುತ್ತದೆ.

ನಾನು ಪುತ್ತೂರು ಕಡೆಯವನು. ನಮ್ಮಲ್ಲಿ ‘ಮಾಗಣೆ’ ಎಂದರೆ ಕೆಲವು ಗ್ರಾಮಗಳು ಸೇರಿದ ಹಳೆಯ ಕಂದಾಯ ವಿಭಾಗ. ಮಾಗಣೆಯ ದೇವಸ್ಥಾನ ಎಂದರೆ ಅಷ್ಟೂ ಗ್ರಾಮಗಳವರು ಜಾತ್ರೆಗೆ ಹೊರೆಕಾಣಿಕೆ ಒಯ್ಯುವ ದೇವಸ್ಥಾನ. ತೀರುವೆಯ ಗಡಿಯೂ ದೇವರ ಗಡಿಯೂ ಒಂದೇ ಮಾತಿನಲ್ಲಿ ಕೂಡಿರುವುದರಿಂದ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್‌ಗೆ ಇದಕ್ಕಿಂತ ಹತ್ತಿರದ ಪದ ನನಗೆ ಹೊಳೆಯಲಿಲ್ಲ. ಅಲ್ಲಿಯವರಿಗೇ ಈ ಎರಡು ಗಡಿಗಳನ್ನು ಬಿಡಿಸಿ ಹೇಳಬೇಕಾದ ಸಂದರ್ಭ ಬಂದು, ಪೂಜೆಗೆ ಮಾತ್ರ ಸಂಬಂಧಪಟ್ಟ ಹೊಸ ಪ್ಯಾರಿಷ್‌ಗಳನ್ನು ‘ಕ್ವೋಆಡ್ ಸಾಕ್ರಾ’ ಎಂಬ ಲ್ಯಾಟಿನ್ ಹೆಸರಿನಿಂದ ಕರೆದರು. ಹಳೆಯದು ಮಾಗಣೆ, ಈ ಹೊಸದು ಧರ್ಮಕೇಂದ್ರ ಎಂದು ಹಂಚಿಕೊಂಡರೆ ಹೇಗೆ? ಮೈಸೂರು, ಬಳ್ಳಾರಿ ಕಡೆಯ ಓದುಗರಿಗೆ ಮಾಗಣೆ ತಿಳಿಯದೆಂಬ ಆಕ್ಷೇಪ ಬರಬಹುದು. ಅವರು ಬಲ್ಲ ‘ಹೋಬಳಿ’ಯಲ್ಲಿ ಕಂದಾಯದ ವಾಸನೆ ಇದೆಯೇ ಹೊರತು ಗಂಟೆಯ ಸದ್ದಿಲ್ಲ.

ಸೆನ್ಸಸ್‌ಗೆ ‘ಜನಗಣತಿ’ ಇದ್ದೇ ಇದೆ. ಆದರೂ ಆ ಪುಸ್ತಕಗಳ ಹಾಳೆ ನೋಡಿದ ಮೇಲೆ, ಕನ್ನಡ ಬೈಬಲ್ಲಿನ ಲೂಕನ ಸುವಾರ್ತೆಯಲ್ಲಿರುವ ‘ಖಾನೇಷುಮಾರಿ’ಯೇ ಹೆಚ್ಚು ಒಪ್ಪುತ್ತದೆ ಎನ್ನಿಸಿತು. ಪಾರಸಿಯಲ್ಲಿ ಖಾನಾ ಎಂದರೆ ಮನೆ, ಶುಮಾರಿ ಎಂದರೆ ಎಣಿಕೆ. ಎಣಿಸುವವನು ಮನೆಯಿಂದ ಮನೆಗೆ ನಡೆದು, ಒಂದು ಕಟ್ಟಡ ಮುಗಿದಲ್ಲಿ ಎರಡು ಓರೆಗೆರೆ, ಅದೇ ಕಟ್ಟಡದೊಳಗೆ ಒಂದು ಸಂಸಾರ ಮುಗಿದಲ್ಲಿ ಒಂದು ಓರೆಗೆರೆ ಎಳೆಯುತ್ತಿದ್ದ. 1861ರಿಂದ ಕಿಟಕಿಯಿರುವ ಕೋಣೆಗಳು ಎಷ್ಟೆಂಬುದನ್ನೂ ಬರೆದುಕೊಂಡ. ಮೊಮ್ಮಗನಿಗೆ ಈ ಪದ ನಗೆ ತರಿಸುತ್ತದೆ, ಅದು ಬೇರೆ ಮಾತು.

ಇನ್ನು ಕೆಲವು ಪದಗಳಲ್ಲಿ ನಿಘಂಟನ್ನು ನಂಬಿದರೆ ಕೆಟ್ಟೆವು. ಆರು ವರ್ಷದ ಹುಡುಗಿಯ ಮುಂದೆ ‘ಸ್ಕಾಲರ್’ ಎಂದಿದ್ದರೆ ಅವಳು ವಿದುಷಿಯಲ್ಲ, ಶಾಲೆಗೆ ಹೋಗುವವಳು ಅಷ್ಟೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ‘ನ್ಯಾಚುರಲ್ ಡಾಟರ್’ ಎಂದು ಕಂಡರೆ ‘ಸಹಜ ಪುತ್ರಿ’ ಎನ್ನುವಂತಿಲ್ಲ; ತಂದೆತಾಯಿಗೆ ಮದುವೆಯಾಗಿರಲಿಲ್ಲ ಎಂದು ಅದರ ಅರ್ಥ. ಮದುವೆಯ ಪುಸ್ತಕದಲ್ಲಿ ಎಷ್ಟೋ ಸಲ ಇರುವುದು ಮದುವೆಯ ದಿನವಲ್ಲ, ‘ಬ್ಯಾನ್ಸ್’ನ ದಿನ, ಅಂದರೆ ಇಂಥವರಿಬ್ಬರು ಮದುವೆಯಾಗಲಿದ್ದಾರೆ ಎಂದು ಚರ್ಚಿನಲ್ಲಿ ತಿಳಿಸಿದ ದಿನ. ಗಂಡು ಒಂದು ಪ್ಯಾರಿಷ್, ಹೆಣ್ಣು ಇನ್ನೊಂದು ಪ್ಯಾರಿಷ್ ಆದರೆ ಎರಡು ಕಡೆ ಎರಡು ತಾರೀಕು ಸಿಕ್ಕಿ ಹೊಸಬರು ಕಂಗಾಲಾಗುತ್ತಾರೆ. ಸ್ಕಾಟರು ಆಡುಮಾತಿನಲ್ಲಿ ಇದಕ್ಕೆ ‘ಕೂಗುವುದು’ ಎಂಬರ್ಥದ ‘ಕ್ರೈ’ ಎಂಬ ಪದವನ್ನೇ ಬಳಸುತ್ತಿದ್ದರು. ಆದ್ದರಿಂದ ‘ಪ್ರಕಟಣೆ’ಗಿಂತ ‘ಮದುವೆ ಸಾರಿದರು’ ಎಂಬುದು ನನಗೆ ಹಿಡಿಸಿದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಇದಕ್ಕೆ ಬಳಕೆಯ ಮಾತಿದ್ದರೆ ತಿಳಿಸಬೇಕು.

ನಿಜವಾದ ತೊಡಕು ‘ನೆಫ್ಯೂ’. ಸ್ಕಾಟ್ಲೆಂಡಿನಲ್ಲಿ 1841ರ ಜನಗಣತಿ ಸಂಬಂಧವನ್ನೇ ಕೇಳಲಿಲ್ಲ. 1851ರಿಂದ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕೆಂದು ಬರೆದರು. ಆದರೆ ಆ ಒಂದು ಪದದೊಳಗೆ ಅಣ್ಣನ ಮಗ, ತಮ್ಮನ ಮಗ, ಅಕ್ಕತಂಗಿಯರ ಮಗ, ಹೆಂಡತಿಯ ಕಡೆಯ ಹುಡುಗ ಎಲ್ಲರೂ ಅಡಗಿದ್ದಾರೆ. ನೇಕಾರನೊಬ್ಬನ ಮನೆಯಲ್ಲಿ ಬೇರೆ ಕುಲನಾಮದ ಹನ್ನೆರಡು ವರ್ಷದ ನೆಫ್ಯೂ ಇದ್ದ. 1855ರ ನಂತರದ ಸ್ಕಾಟಿಷ್ ಮರಣಪತ್ರದಲ್ಲಿ ಸತ್ತವರ ತಾಯಿಯ ತವರಿನ ಕುಲನಾಮವನ್ನೂ ಬರೆಯುವುದರಿಂದ, ಆ ಹುಡುಗ ಮುದುಕನಾಗಿ ಸತ್ತಾಗಿನ ಪತ್ರ ತೆಗೆಸಿ ನೋಡಿದೆ. ತಾಯಿಯದೂ ನೇಕಾರನದೂ ಒಂದೇ ಕುಲನಾಮ. ಅಲ್ಲಿಗೆ ‘ಸೋದರಳಿಯ’ ಎಂದು ಧೈರ್ಯವಾಗಿ ಬರೆದೆ. ತಾಯಿ ಅಕ್ಕನೋ ತಂಗಿಯೋ ಎಂದು ಆ ಪದ ಕೇಳುವುದಿಲ್ಲ. ಬರಿಯ ‘ಅಳಿಯ’ ಎಂದು ಬರೆಯಲಿಲ್ಲ, ಏಕೆಂದರೆ ಅಲ್ಲಿಯ ‘ಸನ್-ಇನ್-ಲಾ’ ಆ ಕಾಲದಲ್ಲಿ ಕೆಲವೊಮ್ಮೆ ಮಲಮಗನೂ ಆಗುತ್ತಿದ್ದ. ಎರಡು ಗೊಂದಲ ಒಂದೇ ಪುಟದಲ್ಲಿ ಬೇಡ.

ಇನ್ನೊಂದು ಮನೆಯಲ್ಲಿ ನೆಫ್ಯೂನ ತಂದೆಯೂ ಯಜಮಾನನೂ ಒಡಹುಟ್ಟಿದವರೆಂಬುದು ಖಚಿತ. 1841ರಲ್ಲಿ ಇಬ್ಬರಿಗೂ 25 ವರ್ಷ ಎಂದಿದೆ. ಆದರೆ ಆ ಸಲ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುತ್ತಿದ್ದುದರಿಂದ, ಇಬ್ಬರೂ 25ರಿಂದ 29ರೊಳಗೆ ಎಷ್ಟಾದರೂ ಆಗಿರಬಹುದು. ದೀಕ್ಷಾಸ್ನಾನದ ಪುಸ್ತಕದಲ್ಲಿ ಒಬ್ಬನದು ಮಾತ್ರ ಸಿಕ್ಕಿದೆ. ಹುಡುಗ ಬೆಳೆದದ್ದು ದೊಡ್ಡಪ್ಪನ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಎಂದು ಕನ್ನಡ ಕೇಳುತ್ತದೆ, ದಾಖಲೆ ಬಾಯಿ ಬಿಡುವುದಿಲ್ಲ. ‘ಭ್ರಾತೃಪುತ್ರ’ ಎಂದರೆ ಪುರಾಣ ಓದಿದಂತಾಗುತ್ತದೆ, ‘ಸೋದರನ ಮಗ’ ಪತ್ರಿಕೆಯ ಸುದ್ದಿಯಂತಿದೆ. ಸದ್ಯಕ್ಕೆ ‘ಒಡಹುಟ್ಟಿದವನ ಮಗ’ ಎಂದು ಬರೆದಿಟ್ಟಿದ್ದೇನೆ. ಹಳೆಯ ಪಾಲುಪಟ್ಟಿ, ಕ್ರಯಪತ್ರ, ಕಡತಗಳನ್ನು ಓದಿ ಬಲ್ಲವರು, ಹಿರಿಕಿರಿತನ ಹೇಳದೆ ಈ ಸಂಬಂಧವನ್ನು ಸೂಚಿಸುವ ಪದವನ್ನು ಅವುಗಳಲ್ಲಿ ಎಲ್ಲಿಯಾದರೂ ಕಂಡಿದ್ದೀರಾ?